ಮುಟ್ಟುವ ಮೊದಲು ಕೇಳಬೇಕು

ಎರಡನೇ ಸಲ ನಪಾಸಾದಾಗ ಬಂದ ಕಾಗದದಲ್ಲಿ ಕಾರಣ ಒಂದೇ ಸಾಲಿನಲ್ಲಿತ್ತು. ಅಭ್ಯರ್ಥಿ ರೋಗಿಯ ಒಪ್ಪಿಗೆ ಕೇಳದೆ ಅವರ ಕೈ ಮುಟ್ಟಿದ್ದಾರೆ. ಓದಿ ಮೊದಲು ನಗು ಬಂತು, ಆಮೇಲೆ ಮೈಯೆಲ್ಲ ಉರಿಯಿತು. ಹದಿನಾಲ್ಕು ವರ್ಷ ಗಂಡಸರ ಮೆಡಿಕಲ್ ವಾರ್ಡಿನಲ್ಲಿ ದುಡಿದವಳು ನಾನು. ಅರವತ್ತು ಹಾಸಿಗೆ, ಇಬ್ಬರು ನರ್ಸು. ಹಾಸಿಗೆ ಸಾಲದೆ ನೆಲದ ಮೇಲೆ ಮಲಗಿದವರು ಬೇರೆ. ಯಾರಿಗೂ ಸಿಗದ ರಕ್ತನಾಳ ನನ್ನ ಬೆರಳಿಗೆ ಸಿಗುತ್ತದೆ ಎಂದು ಪಕ್ಕದ ವಾರ್ಡಿನವರು ಕರೆಯಲು ಬರುತ್ತಿದ್ದರು. ಬಿಪಿ ಪಟ್ಟಿ ಹಿಡಿದು ಸಾಲಿನ ತುದಿಯಲ್ಲಿ ನಾನು ಕಾಣಿಸಿಕೊಂಡರೆ ಸಾಕು, ತೋಳುಗಳು ತಾವಾಗಿಯೇ ಹೊದಿಕೆಯಿಂದ ಹೊರಗೆ ಬರುತ್ತಿದ್ದವು. ಯಾರನ್ನು ಏನಂತ ಕೇಳುವುದು?

ಮೊದಲನೇ ಸಲ ನಪಾಸಾದದ್ದು ಬಾಯಿ ಬಿಡದಿದ್ದಕ್ಕೆ. ಹೊರದೇಶದಲ್ಲಿ ನರ್ಸ್ ಕೆಲಸ ಮಾಡಬೇಕಾದರೆ ಅಲ್ಲಿಯ ನರ್ಸಿಂಗ್ ಕೌನ್ಸಿಲ್ಲಿನಲ್ಲಿ ಹೆಸರು ನೋಂದಾಯಿಸಬೇಕು. ಅದಕ್ಕೆ ಬರೆಯುವ ಪರೀಕ್ಷೆ ಒಂದು, ಭಾಷೆಯ ಪರೀಕ್ಷೆ ಒಂದು, ಕೊನೆಗೆ ಕೈಯಲ್ಲಿ ಮಾಡಿ ತೋರಿಸುವ ಪರೀಕ್ಷೆ. ಮೊದಲೆರಡನ್ನು ನಾನು ಹೇಗೋ ದಾಟಿದ್ದೆ. ಮೂರನೆಯದು ಸುಲಭ ಎಂದುಕೊಂಡಿದ್ದೆ. ಅಲ್ಲಿ ರೋಗಿಯಂತೆ ನಟಿಸುವವರೊಬ್ಬರು ಮಲಗಿರುತ್ತಾರೆ, ಮೂಲೆಯಲ್ಲಿ ಪರೀಕ್ಷಕರು ಅಂಕ ಹಾಕುವ ಪಟ್ಟಿ ಹಿಡಿದು ಕೂತಿರುತ್ತಾರೆ. ಮಾಡುವ ಪ್ರತಿಯೊಂದನ್ನೂ ಬಾಯಿಬಿಟ್ಟು ಹೇಳುತ್ತಾ ಮಾಡಬೇಕು. ಈಗ ಕೈ ತೊಳೆಯುತ್ತಿದ್ದೇನೆ, ಈಗ ಪರದೆ ಎಳೆಯುತ್ತಿದ್ದೇನೆ, ಈಗ ನಿಮ್ಮ ಮಣಿಕಟ್ಟಿನ ಪಟ್ಟಿಯಲ್ಲಿ ಹೆಸರು ಓದುತ್ತಿದ್ದೇನೆ. ನಾನು ಎಲ್ಲವನ್ನೂ ಒಂದಿಷ್ಟೂ ತಪ್ಪಿಲ್ಲದೆ, ಬಾಯಿಗೆ ಬೀಗ ಹಾಕಿಕೊಂಡು ಮಾಡಿ ಮುಗಿಸಿದೆ. ಅಂಕ ಬಂದದ್ದು ಕೈ ತೊಳೆದದ್ದಕ್ಕೆ ಮಾತ್ರ, ನೀರಿನ ಸದ್ದು ಕೇಳಿತ್ತಲ್ಲ.

ಇರುವುದು ಮೂರೇ ಅವಕಾಶ. ಮೂರನೆಯದೂ ಹೋದರೆ ಆ ಬಾಗಿಲು ನನ್ನ ಪಾಲಿಗೆ ಮುಚ್ಚಿದಂತೆಯೇ.

ಟೈರ್ ಅಂಗಡಿಯ ಮೇಲಿನ ಮಹಡಿಯಲ್ಲಿ ನಮ್ಮ ಕೋಚಿಂಗ್ ಕ್ಲಾಸು. ಪಾಠ ಹೇಳುವಾಕೆ ಹೊರದೇಶದಲ್ಲಿ ಒಂಬತ್ತು ವರ್ಷ ಇದ್ದು ಬಂದವರು. ಕೊರಳಲ್ಲಿ ಸದಾ ಒಂದು ಗಡಿಯಾರ ನೇತಾಡುತ್ತಿದ್ದರಿಂದ ಅವರಿಗೆ ನಾವು ಇಟ್ಟ ಹೆಸರು ಸ್ಟಾಪ್‌ವಾಚ್. ಮಂಚದ ಮೇಲೆ ಪ್ಲಾಸ್ಟಿಕ್ ಗೊಂಬೆಯೊಂದಿತ್ತು. ಅದನ್ನು ಭಾವ ಎನ್ನುತ್ತಿದ್ದೆವು. ಮಲಗಿದಲ್ಲೇ ಎಲ್ಲ ಸೇವೆ ಮಾಡಿಸಿಕೊಳ್ಳುತ್ತಾನೆ, ಒಂದು ಒಳ್ಳೆಯ ಮಾತು ಆಡುವುದಿಲ್ಲ ಎಂದು. ನನ್ನ ನಪಾಸಿನ ಕಾಗದ ಓದಿದ ಸ್ಟಾಪ್‌ವಾಚ್, "ಭಾವ ಯಾವತ್ತೂ ಬೇಡ ಅನ್ನಲ್ಲ, ಅದೇ ನಿಮ್ಮೆಲ್ಲರ ಕಷ್ಟ" ಎಂದರು. "ನಿಮ್ಮ ಮನೇಲಿ ಮಲಗಿದವರು ಯಾರಾದ್ರೂ ಇದ್ದಾರಾ?"

"ಅತ್ತೆ ಇದ್ದಾರೆ."

"ಅವರ ಹತ್ರ ಅಭ್ಯಾಸ ಮಾಡಿ. ಮನೆಮಾತಲ್ಲೇ ಮಾಡಿ. ಮೊದಲು ನಾಲಿಗೆ ಕೇಳೋದು ಕಲೀಲಿ, ಅಲ್ಲಿಯ ಭಾಷೆ ಆಮೇಲೆ ಬರುತ್ತೆ."

ಅತ್ತೆಗೆ ಪಾರ್ಶ್ವವಾಯು ಬಡಿದು ಒಂದೂವರೆ ವರ್ಷವಾಗಿತ್ತು. ಬಲಗೈ ಬಲಗಾಲು ಹೋದವು. ನಾಲಿಗೆಗೆ ಏನೂ ಆಗಲಿಲ್ಲ. ಅವರು ಮೂವತ್ತೊಂದು ವರ್ಷ ರೈಲ್ವೆ ಸ್ಟೇಷನ್ನಿನ ಟಿಕೆಟ್ ಕೌಂಟರಿನಲ್ಲಿ ಕೂತವರು. ದಿನಕ್ಕೆ ಸಾವಿರ ಜನರನ್ನು ಮಾತಾಡಿಸಿ, ಒಬ್ಬರ ಮುಖವನ್ನೂ ನೋಡದೆ ಕಳಿಸಿದವರು. ಮುಂಬಾಗಿಲ ಕೋಣೆಯಲ್ಲಿ, ಬೀದಿಗೆ ತೆರೆಯುವ ಕಿಟಕಿಗೆ ಒತ್ತಿಕೊಂಡು ಅವರ ಮಂಚ. ಅಲ್ಲಿಗೇ ಹಾಕಬೇಕೆಂದು ಹಟ ಹಿಡಿದು ಹಾಕಿಸಿಕೊಂಡದ್ದು. ಕಿಟಕಿಯ ಸರಳುಗಳ ಆಚೆ ಹೋಗುವವರನ್ನೆಲ್ಲ ಈಗ ಪುರುಸೊತ್ತಾಗಿ ನೋಡುತ್ತಿದ್ದರು.

ಬೆಳಿಗ್ಗೆ ಸಂಜೆ ಬಿಪಿ, ಹಿಮ್ಮಡಿಯ ಗಾಯಕ್ಕೆ ಡ್ರೆಸ್ಸಿಂಗು, ಮೈ ಒರೆಸುವುದು, ಬೆನ್ನು ಹುಣ್ಣಾಗದಂತೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು. ಎಲ್ಲವನ್ನೂ ನಾನು ಮಾಡುತ್ತಿದ್ದೆ. ಡ್ಯೂಟಿಗೆ ಹೋದಾಗ ಮಾತ್ರ ಒಬ್ಬ ಹೆಂಗಸು ಬಂದು ನೋಡಿಕೊಳ್ಳುತ್ತಿದ್ದಳು. ಅತ್ತೆಯೂ ನಾನೂ ಜಗಳವಾಡಿದವರಲ್ಲ. ನಾನು ಮದುವೆಯಾಗಿ ಬಂದ ಹನ್ನೆರಡು ವರ್ಷದಲ್ಲಿ ಮನಸ್ಸು ಬಿಚ್ಚಿ ಮಾತಾಡಿದವರೂ ಅಲ್ಲ. ನನಗೆ ಮಕ್ಕಳಾಗದ ವಿಷಯವನ್ನು ಅವರು ಒಮ್ಮೆಯೂ ಎತ್ತಲಿಲ್ಲ. ಅದಕ್ಕಾಗಿ ನಾನು ಅವರಿಗೆ ಋಣಿ, ಆದರೆ ಅದನ್ನು ಬಾಯಲ್ಲಿ ಹೇಳಿದ್ದಿಲ್ಲ.

ನಾನು ಹೊರದೇಶಕ್ಕೆ ಹೋಗಲು ಓಡಾಡುತ್ತಿದ್ದೇನೆಂದು ಅವರಿಗೆ ಗೊತ್ತಿರಲಿಲ್ಲ. ಪ್ರಮೋಷನ್ ಪರೀಕ್ಷೆ ಎಂದು ಹೇಳಿದ್ದೆವು. ಲಿಫ್ಟ್ ಮೆಕ್ಯಾನಿಕ್ ಆದ ನನ್ನ ಗಂಡನ ಲೆಕ್ಕಾಚಾರ ಸರಳವಾಗಿತ್ತು. ಮೊದಲು ನಾನು ಹೋಗುವುದು, ಅತ್ತೆಯನ್ನು ನಾದಿನಿ ತನ್ನ ಊರಿಗೆ ಕರೆದುಕೊಂಡು ಹೋಗುವುದು, ವರ್ಷ ಕಳೆದ ಮೇಲೆ ತಾವೂ ನನ್ನ ಹಿಂದೆ ಬರುವುದು. "ಲಿಫ್ಟು ಅಲ್ಲೂ ಕೆಡ್ತವೆ" ಎನ್ನುತ್ತಿದ್ದರು. ನಾದಿನಿ ಫೋನಿನಲ್ಲೇ ಒಪ್ಪಿದ್ದಳು. ಅತ್ತೆಗೆ ಯಾವಾಗ ಹೇಳುವುದು ಎಂದು ನಾನು ಕೇಳಿದರೆ, "ಪಾಸಾದ ಮೇಲೆ ಹೇಳಿದ್ರಾಯ್ತು, ಈಗಲೇ ಯಾಕೆ ತಲೆಬಿಸಿ" ಎನ್ನುವರು. ನನಗೂ ಅದೇ ಅನುಕೂಲವಾಗಿತ್ತು. ತಪ್ಪನ್ನು ಅವರೊಬ್ಬರ ತಲೆಗೆ ಕಟ್ಟುವುದಿಲ್ಲ.

ಅಭ್ಯಾಸದ ಮೊದಲ ದಿನ ಗಂಡ ಪರೀಕ್ಷಕರಾಗಿ ಕುರ್ಚಿಯಲ್ಲಿ ಕೂತರು. ಕೈಯಲ್ಲಿ ಸ್ಟಾಪ್‌ವಾಚ್ ಕ್ಲಾಸಿನಲ್ಲಿ ಕೊಟ್ಟ ಪಟ್ಟಿ, ಕಿವಿಯ ಹಿಂದೆ ಪೆನ್ಸಿಲ್ಲು. ನಾನು ಕೈ ತೊಳೆದು ಬಂದು ಅತ್ತೆಯ ಮಂಚದ ಪಕ್ಕ ನಿಂತೆ. ನಾಚಿಕೆಯಿಂದ ಸತ್ತುಹೋಗುವಂತಾಯಿತು.

"ನಮಸ್ಕಾರ. ನಾನು ಈ ಹೊತ್ತು ನಿಮ್ಮನ್ನ ನೋಡಿಕೊಳ್ಳೋ ನರ್ಸು."

ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿ ಮಗನ ಕಡೆ ತಿರುಗಿದರು. "ಇವಳಿಗೆ ಏನಾಯ್ತೋ?"

"ಪರೀಕ್ಷೆಗಮ್ಮ. ನೀನು ರೋಗಿ."

"ನಾನು ರೋಗೀನೇ. ಅದಕ್ಕೆ ಪರೀಕ್ಷೆ ಬೇರೆ ಬೇಕಾ?"

"ನಿಮ್ಮ ಪೂರ್ತಿ ಹೆಸರು, ಹುಟ್ಟಿದ ದಿನ ಹೇಳ್ತೀರಾ?" ಎಂದೆ ನಾನು, ಬಿಡದೆ.

ಹೆಸರು ಹೇಳಿದರು. "ಹುಟ್ಟಿದ ದಿನ ಯಾವುದು ಬೇಕು? ಸರ್ವಿಸ್ ರಿಜಿಸ್ಟರಿನದ್ದಾ, ನಿಜವಾದದ್ದಾ?"

ಗಂಡ ನಕ್ಕರು. ಪಟ್ಟಿಯಲ್ಲಿ ಅದಕ್ಕೆ ಉತ್ತರವಿರಲಿಲ್ಲ. "ನಿಮ್ಮನ್ನ ಏನಂತ ಕರೀಬೇಕು ಅಂತ ನಿಮಗೆ ಇಷ್ಟ?" ಎಂದು ಮುಂದಿನದನ್ನು ಕೇಳಿದೆ. ಅತ್ತೆ ಸ್ವಲ್ಪ ಹೊತ್ತು ಕಿಟಕಿಯ ಕಡೆ ನೋಡಿದರು. ಈ ಪ್ರಶ್ನೆಯನ್ನು ಜನ್ಮದಲ್ಲಿ ಅವರಿಗೆ ಯಾರೂ ಕೇಳಿರಲಿಲ್ಲ ಎಂದು ಅವರ ಮುಖ ನೋಡಿದಾಗ ಹೊಳೆಯಿತು.

"ಮೇಡಂ ಅನ್ನು" ಎಂದರು. "ಕೌಂಟರಲ್ಲಿ ಎಲ್ಲಾರೂ ಹಾಗೇ ಅಂತಿದ್ರು."

"ಮೇಡಂ, ನಿಮ್ಮ ಬಿಪಿ ನೋಡ್ಲಾ? ತೋಳಿಗೆ ಪಟ್ಟಿ ಸುತ್ತಿ ಗಾಳಿ ತುಂಬ್ತೀನಿ, ಸ್ವಲ್ಪ ಬಿಗಿಯಾಗುತ್ತೆ. ಮಾಡ್ಬಹುದಾ?"

"ಹ್ಞೂಂ, ಮಾಡು" ಎಂದು ಎಡಗೈ ಚಾಚಿದರು. ದೊಡ್ಡ ಅಧಿಕಾರಿಯೊಬ್ಬರು ಕಡತಕ್ಕೆ ಸಹಿ ಹಾಕಿದ ಹಾಗಿತ್ತು. ಗಂಡ ಪೆನ್ಸಿಲ್ಲಿನಿಂದ ಗುರುತು ಹಾಕಿಕೊಂಡರು.

ನಾಲ್ಕು ದಿನ ಹೀಗೆ ಚೆನ್ನಾಗಿಯೇ ನಡೆಯಿತು. ಐದನೇ ದಿನ ಬೆಳಿಗ್ಗೆ, ಮಾಡಬಹುದಾ ಎಂದು ಕೇಳಿದರೆ ಅತ್ತೆ "ಬೇಡ" ಎಂದರು.

"ಯಾಕತ್ತೆ, ನೋವಿದೆಯಾ?"

"ಮೇಡಂ."

"ಯಾಕೆ ಮೇಡಂ?"

"ನೀನು ಕೇಳಿದೆ, ನಾನು ಹೇಳಿದೆ. ಬೇಡ ಅನ್ನೋ ಹಾಗಿಲ್ಲ ಅಂದ್ರೆ ಕೇಳೋದ್ಯಾಕೆ?"

ವಾರ್ಡಿನಲ್ಲಾಗಿದ್ದರೆ ಅಷ್ಟು ಹೊತ್ತಿಗೆ ನಾನು ಬಿಪಿ ನೋಡಿ, ಬರೆದು, ಮೂರು ಹಾಸಿಗೆ ದಾಟಿರುತ್ತಿದ್ದೆ. ಆದರೆ ಪರೀಕ್ಷಕರು ಪೆನ್ಸಿಲ್ ಎತ್ತಿ ಕಾಯುತ್ತಿದ್ದರು. ರೋಗಿ ಬೇಡವೆಂದರೆ ಏನು ಮಾಡಬೇಕೆಂದು ಪಟ್ಟಿಯಲ್ಲಿದೆ. ಬಲವಂತ ಮಾಡಬಾರದು, ಕಾರಣ ಕೇಳಬೇಕು, ಮಾಡದಿದ್ದರೆ ಏನಾಗುತ್ತದೆಂದು ತಿಳಿಸಬೇಕು, ಕೊನೆಗೆ ಹೀಗೆನ್ನಬೇಕು: "ಸರಿ, ಅದು ನಿಮ್ಮ ಹಕ್ಕು. ಸ್ವಲ್ಪ ಹೊತ್ತು ಬಿಟ್ಟು ಬಂದು ಮತ್ತೆ ಕೇಳ್ತೀನಿ." ಹಾಗೇ ಅಂದೆ. ಬಿಪಿ ಬರೆದಿಡುವ ಪುಸ್ತಕದಲ್ಲಿ, ಬೇಡ ಎಂದರು ಎಂದು ಬರೆದೆ. ಅರ್ಧ ಗಂಟೆ ಬಿಟ್ಟು ಹೋಗಿ ಮತ್ತೆ ಕೇಳಿದೆ. "ಕೌಂಟರ್ ಮುಚ್ಚಿದೆ" ಎಂದರು. ಮೂರನೇ ಸಲ ಹೋದಾಗ ತೋಳು ಚಾಚಿದರು.

ಅತ್ತೆಗೆ ರುಚಿ ಹತ್ತಿಬಿಟ್ಟಿತು. ಒಂದು ದಿನ ಮೈ ಒರೆಸುವುದು ಬೇಡ, ಇನ್ನೊಂದು ದಿನ ಮಗ್ಗುಲು ಬದಲಿಸುವುದು ಬೇಡ, ಮತ್ತೊಂದು ದಿನ ಆ ಹಸಿರು ಚಾದರ ಬೇಡ. ಡ್ಯೂಟಿಗೆ ತಡವಾಗುತ್ತಿತ್ತು, ನಾನು ಒಳಗೊಳಗೇ ಹಲ್ಲು ಕಡಿಯುತ್ತಿದ್ದೆ. ಬೇಕೆಂದೇ ಆಟ ಆಡಿಸುತ್ತಿದ್ದಾರೆ ಎಂದು ಗಂಡನ ಹತ್ತಿರ ರೇಗಿದೆ. "ಒಂದೂವರೆ ವರ್ಷ ತುಟಿ ಪಿಟಕ್ ಅನ್ನದೆ ಮಾಡಿಸ್ಕೊಂಡಿದ್ದಾಳಲ್ಲ" ಎಂದರು ಅವರು. ಯೋಚಿಸಿ ನೋಡಿದೆ. ಒಂದೂವರೆ ವರ್ಷ ನಾನೂ ತುಟಿ ಪಿಟಕ್ ಎನ್ನದೆ ಮಾಡಿದ್ದೆ. ಕೆಲಸದವಳು ಪಾತ್ರೆ ತಿರುಗಿಸಿಡುವ ಹಾಗೆ ಅವರನ್ನು ತಿರುಗಿಸಿ ಮಲಗಿಸಿದ್ದೆ. ಚೊಕ್ಕವಾಗಿಯೇ ಮಾಡಿದ್ದೆ, ಒಂದೇ ಒಂದು ಹುಣ್ಣೂ ಆಗಲು ಬಿಟ್ಟಿರಲಿಲ್ಲ, ಹಿಮ್ಮಡಿಯದೊಂದು ಬಿಟ್ಟು. ಆದರೂ ಆ ದಿನ ನನ್ನ ಬಗ್ಗೆ ನನಗೇ ಬೇಸರವಾಯಿತು.

ಪರೀಕ್ಷೆಗೆ ಹತ್ತು ದಿನ ಇದ್ದಾಗ ಪಟ್ಟಿಯ ಕೊನೆಯ ಸಾಲನ್ನು ಸೇರಿಸಿಕೊಂಡೆವು. ಎಲ್ಲ ಮುಗಿದ ಮೇಲೆ, ಹೊರಡುವ ಮುಂಚೆ, ರೋಗಿಗೆ ಕೇಳಲಿಕ್ಕೇನಾದರೂ ಇದೆಯೇ ಎಂದು ವಿಚಾರಿಸಬೇಕು. ಕೇಳಿದರೆ ನಿಜವನ್ನೇ ಹೇಳಬೇಕು. ಸಂಜೆ ಡ್ರೆಸ್ಸಿಂಗ್ ಮುಗಿಸಿ, ಕೈಗವಸು ತೆಗೆದು, "ಮೇಡಂ, ನನ್ನನ್ನ ಏನಾದ್ರೂ ಕೇಳೋದಿದೆಯಾ?" ಎಂದೆ.

ಅತ್ತೆ ದಿಂಬಿನ ಮೇಲೆ ತಲೆ ಸರಿಮಾಡಿಕೊಂಡರು. ಕಣ್ಣು ಕಿಟಕಿಯ ಕಡೆಗಿತ್ತು.

"ಎಲ್ಲಿಗೆ?" ಎಂದರು.

ಗಂಡ ಕುರ್ಚಿಯಿಂದಲೇ ತಲೆ ಅಲ್ಲಾಡಿಸಿ ಸನ್ನೆ ಮಾಡಿದರು, ಹೇಳಬೇಡ ಎಂದು.

"ಪ್ರಮೋಷನ್ನಿಗೆ ಇಷ್ಟು ವಿನಯ ಕಲಿಸಲ್ಲ ಯಾರೂ" ಎಂದರು ಅತ್ತೆ. "ಮೂವತ್ತೊಂದು ವರ್ಷ ಊರು ಬಿಡೋರನ್ನ ನೋಡಿದ್ದೀನಿ. ಎಲ್ಲಿಗೆ, ಹೇಳು."

ದೇಶದ ಹೆಸರು ಹೇಳಿದೆ.

"ಎಷ್ಟು ಜನ?"

"ಈಗ ಒಬ್ಬಳೇ. ವರ್ಷ ಬಿಟ್ಟು ಇವರೂ."

ಗಂಡ ಪೆನ್ಸಿಲ್ ಕೆಳಗಿಟ್ಟರು. ಅತ್ತೆ ಮಗನ ಕಡೆ ನೋಡಲಿಲ್ಲ.

"ಹೋಗೋದಕ್ಕೆ ಮಾತ್ರಾನಾ, ಹೋಗಿ ಬರೋದಕ್ಕಾ?"

ಆ ಸ್ವರದಲ್ಲಿ ಸಿಟ್ಟಿರಲಿಲ್ಲ, ಅಳುವೂ ಇರಲಿಲ್ಲ. ಸರದಿಯಲ್ಲಿ ನಿಂತ ಪ್ರಯಾಣಿಕಳೊಬ್ಬಳನ್ನು ಕೇಳುವ ಹಾಗೆಯೇ ಕೇಳಿದರು. ನಮ್ಮ ವಾರ್ಡಿನಿಂದ ಹೊರದೇಶಕ್ಕೆ ಹೋದ ಏಳು ಜನರಲ್ಲಿ ಒಬ್ಬಳೂ ತಿರುಗಿ ಬಂದಿರಲಿಲ್ಲ. ಉತ್ತರ ಗೊತ್ತಿಲ್ಲದಿದ್ದಾಗ ಏನು ಹೇಳಬೇಕೆಂದೂ ಪಟ್ಟಿಯಲ್ಲಿದೆ. ಅದನ್ನೇ ಹೇಳಿದೆ. "ಅದು ನನಗೆ ಈಗ ಗೊತ್ತಿಲ್ಲ ಮೇಡಂ. ಗೊತ್ತಾದ ಮೇಲೆ ಬಂದು ಹೇಳ್ತೀನಿ."

"ಕೌಂಟರಲ್ಲಿ ಅದು ನಡೆಯಲ್ಲ" ಎಂದು ಅವರು ಕಣ್ಣು ಮುಚ್ಚಿಕೊಂಡರು.

ಪರೀಕ್ಷೆ ಒಂದು ದೊಡ್ಡ ಕಟ್ಟಡದ ನಾಲ್ಕನೇ ಮಹಡಿಯಲ್ಲಿ. ಉದ್ದ ಓಣಿ, ಎರಡೂ ಕಡೆ ಮುಚ್ಚಿದ ಬಾಗಿಲು, ಪ್ರತಿ ಬಾಗಿಲ ಹೊರಗೆ ಒಂದು ಕುರ್ಚಿ. ಗಂಟೆ ಬಾರಿಸಿದಾಗ ಒಳಗೆ ಹೋಗಬೇಕು, ಮತ್ತೆ ಬಾರಿಸಿದಾಗ ಹೊರಗೆ ಬರಬೇಕು. ಮೊದಲಿನ ಕೋಣೆಗಳನ್ನು ಆ ದೇಶದ ಭಾಷೆಯಲ್ಲಿ ಬಾಯಿ ತುಂಬ ಮಾತಾಡುತ್ತಾ ದಾಟಿದೆ. ಕೊನೆಯದರಲ್ಲಿ ಬಿಳಿಗಡ್ಡದ ಮುದುಕರೊಬ್ಬರು ಮಲಗಿದ್ದರು. ರಕ್ತ ಹೆಪ್ಪುಗಟ್ಟದಂತೆ ಹೊಟ್ಟೆಯ ಚರ್ಮಕ್ಕೆ ಒಂದು ಇಂಜೆಕ್ಷನ್ ಕೊಡಬೇಕು. ಕೈ ತೊಳೆದೆ, ಹೆಸರು ಕೇಳಿದೆ, ಮಣಿಕಟ್ಟಿನ ಪಟ್ಟಿ ಓದಿದೆ, ಮದ್ದನ್ನು ಸಿರಿಂಜಿಗೆ ತುಂಬಿಕೊಂಡೆ. "ಕೊಡ್ಬಹುದಾ?" ಎಂದು ಕೇಳಿದೆ.

"ಬೇಡ" ಎಂದರು ಮುದುಕರು.

ನನ್ನ ಹದಿನಾಲ್ಕು ವರ್ಷದ ನಾಲಿಗೆಯ ತುದಿಗೆ ಒಂದು ಮಾತು ಬಂದು ನಿಂತಿತ್ತು. ಏನಾಗಲ್ಲ ಅಜ್ಜ, ಇರುವೆ ಕಚ್ಚಿದ ಹಾಗೆ, ಆಯ್ತು ನೋಡಿ. ಸಾವಿರಾರು ಜನರಿಗೆ ಹಾಗೆಂದು ಚುಚ್ಚಿದ್ದೇನೆ. ಆ ಮಾತನ್ನು ನುಂಗಿಕೊಂಡೆ. ಸಿರಿಂಜನ್ನು ಟ್ರೇಯಲ್ಲಿಟ್ಟೆ, ಕುರ್ಚಿ ಎಳೆದುಕೊಂಡು ಅವರ ಕಣ್ಣಿನ ಮಟ್ಟಕ್ಕೆ ಕೂತೆ. ಯಾಕೆ ಬೇಡ ಎಂದು ಕೇಳಿದೆ. ನಾಳೆ ತನ್ನನ್ನು ಬೇರೆ ಕಡೆ ಸಾಗಿಸುತ್ತಾರಂತೆ, ಎಲ್ಲಿಗೆಂದು ಯಾರೂ ಹೇಳಿಲ್ಲ, ಅದನ್ನು ಹೇಳುವ ತನಕ ಏನೂ ಚುಚ್ಚಿಸಿಕೊಳ್ಳುವುದಿಲ್ಲ ಎಂದರು. ಯಾರೋ ಬರೆದುಕೊಟ್ಟ ಮಾತನ್ನು ಅವರು ಒಪ್ಪಿಸುತ್ತಿದ್ದರು, ನನಗೆ ಗೊತ್ತು. ಆದರೂ ಕುರ್ಚಿಯನ್ನು ಇನ್ನಷ್ಟು ಹತ್ತಿರ ಎಳೆದುಕೊಂಡೆ. ಇಂಜೆಕ್ಷನ್ ತೆಗೆದುಕೊಳ್ಳದಿದ್ದರೆ ಏನಾಗಬಹುದೆಂದು ವಿವರಿಸಿದೆ, ವಿಚಾರಿಸಿ ಬಂದು ತಿಳಿಸುತ್ತೇನೆಂದೆ, ಮತ್ತೆ ಬಂದು ಕೇಳುತ್ತೇನೆಂದೆ. ಗಂಟೆ ಬಾರಿಸಿತು. ಇಂಜೆಕ್ಷನ್ ಟ್ರೇಯಲ್ಲೇ ಉಳಿಯಿತು.

ಓಣಿಗೆ ಬಂದು ಕೂತಾಗ ಎಲ್ಲ ಮುಗಿಯಿತು ಎಂದುಕೊಂಡೆ. ಇಂಜೆಕ್ಷನ್ ಕೊಡುವ ಪರೀಕ್ಷೆಯಲ್ಲಿ ಇಂಜೆಕ್ಷನ್ ಕೊಡದೆ ಬಂದವಳು ನಾನೊಬ್ಬಳೇ ಇರಬೇಕು. ಎರಡು ವಾರದ ಮೇಲೆ ಫಲಿತಾಂಶ ಬಂತು. ಪಾಸು. ಕೊನೆಯ ಕೋಣೆಯಲ್ಲಿ ಪೂರ್ತಿ ಅಂಕ.

ಮನೆಯಲ್ಲಿ ಗಂಡ ಸಿಹಿ ತಂದರು, ನಾದಿನಿಗೆ ಫೋನ್ ಮಾಡಿ ಬರುವ ದಿನ ಗೊತ್ತುಮಾಡಿದರು. ಹಿತ್ತಲಲ್ಲಿ ನಿಂತು ಪಿಸುಗುಡುವ ಅಗತ್ಯ ಈಗಿರಲಿಲ್ಲ, ಆದರೂ ಪಿಸುಗುಡುತ್ತಲೇ ಮಾತಾಡಿದರು. ಅಭ್ಯಾಸ ಹೋಗಿರಲಿಲ್ಲ. ನಾನು ಕೈ ತೊಳೆದುಕೊಂಡು ಅತ್ತೆಯ ಕೋಣೆಗೆ ಹೋಗಿ, ಕುರ್ಚಿ ಎಳೆದುಕೊಂಡು ಕೂತೆ.

"ಮೇಡಂ, ನಾನು ಹೋದ ಮೇಲೆ ನಿಮ್ಮನ್ನ ಮಗಳ ಮನೆಗೆ ಕಳಿಸ್ಬೇಕು ಅಂತ ಮಾಡಿದ್ದೀವಿ. ಅಲ್ಲಿ ನಿಮ್ಮನ್ನ ಚೆನ್ನಾಗಿ ನೋಡ್ಕೋತಾರೆ. ಹೋಗ್ತೀರಾ?"

ಬಾಗಿಲಲ್ಲಿ ನಿಂತಿದ್ದ ಗಂಡ, "ಅದನ್ನ ಕೇಳೋದೇನು, ಎಲ್ಲಾ ಗೊತ್ತುಮಾಡಿ ಆಗಿದೆಯಲ್ಲ" ಎಂದರು.

ಅತ್ತೆ ಕಿಟಕಿಯ ಕಡೆ ತಿರುಗಿದರು. ಬೀದಿಯಲ್ಲಿ ಒಬ್ಬ ಹೆಂಗಸು ಛತ್ರಿ ಮಡಚಿಕೊಂಡು ಹೋದಳು.

"ಬೇಡ" ಎಂದರು. "ಅವಳ ಮನೇಲಿ ನನಗೆ ಕೊಡೋ ಕೋಣೆ ನೋಡಿದ್ದೀನಿ. ಕಿಟಕಿ ತೆಗೆದ್ರೆ ಪಕ್ಕದ ಮನೆ ಗೋಡೆ."

ಗಂಡ ಅಮ್ಮನ ಹತ್ತಿರ ಬಂದು, ಕಿಟಕಿಗೋಸ್ಕರ ಹಟ ಮಾಡಬೇಡ ಎಂದರು, ತಾನು ಇಲ್ಲಿ ಒಬ್ಬನೇ ಎಷ್ಟು ದಿನ ಇರುವುದು ಎಂದರು. ನಾನು ಗಂಡನ ತೋಳು ಹಿಡಿದು ಹೊರಗೆ ಕರೆದುಕೊಂಡು ಬಂದೆ. ಅವರನ್ನು ಕೇಳದೆಯೇ ಹಿಡಿದೆ. ನನಗೂ ಅತ್ತೆಯ ಮೇಲೆ ಸಿಟ್ಟು ಬಂದಿತ್ತು, ಸುಳ್ಳು ಹೇಳುವುದಿಲ್ಲ. ಒಂದು ಕಿಟಕಿಯ ಮುಂದೆ ನಮ್ಮಿಬ್ಬರ ಸಂಸಾರ ಹಗುರವಾಯಿತಲ್ಲ ಎನಿಸಿತು. ಆದರೆ ಕೇಳಿದವಳು ನಾನು. ಬೇಡ ಅನ್ನುವ ಹಾಗಿಲ್ಲ ಎಂದರೆ ಕೇಳುವುದ್ಯಾಕೆ?

ಮೂರನೇ ದಿನ ಗಂಡ ಕೆಲಸದಿಂದ ಬಂದವರೇ ಕೈಕಾಲು ತೊಳೆಯುವ ಮುಂಚೆ, "ನಾನು ಬರೋದಿಲ್ಲ" ಎಂದರು. "ಅಮ್ಮ ಇರೋ ತನಕ ಇಲ್ಲೇ ಇರ್ತೀನಿ. ನೀನು ಹೋಗು. ಮೂರು ಸಲ ಪರೀಕ್ಷೆ ಬರೆದಿದ್ದೀಯ." ಅವರ ಊಟದ ತಟ್ಟೆ ತಂದಿಟ್ಟೆ. ನಾದಿನಿಗೆ ಬರುವುದು ಬೇಡವೆಂದು ತಿಳಿಸಿದೆವು. ಹಗಲು ನೋಡಿಕೊಳ್ಳುತ್ತಿದ್ದ ಹೆಂಗಸು ಸಂಜೆಯ ತನಕ ಇರಲು ಒಪ್ಪಿದಳು. ಡ್ರೆಸ್ಸಿಂಗ್ ಮಾಡುವುದನ್ನು ನಾನು ಅವಳಿಗೆ ಕಲಿಸಿದೆ. ಮೊದಲು ಕೇಳಬೇಕು ಎನ್ನುವುದನ್ನು ಅತ್ತೆಯೇ ಕಲಿಸಿದರು, ಎರಡೇ ದಿನದಲ್ಲಿ.

ವಿಮಾನ ಮಧ್ಯಾಹ್ನಕ್ಕಿತ್ತು. ಬೆಳಿಗ್ಗೆ ಪೆಟ್ಟಿಗೆ ಬಾಗಿಲಿಗೆ ತಂದಿಟ್ಟು, ಬಿಪಿ ಪಟ್ಟಿ ಹಿಡಿದು ಅತ್ತೆಯ ಕೋಣೆಗೆ ಹೋದೆ. ಗಂಡ ಟ್ಯಾಕ್ಸಿ ತರಲು ಹೋಗಿದ್ದರು. ಅತ್ತೆ ಎದ್ದೇ ಇದ್ದರು. ಕೂದಲು ಬಾಚಿಸಿಕೊಂಡಿದ್ದರು.

"ಮೇಡಂ, ಬಿಪಿ ನೋಡ್ಲಾ?"

"ಬೇಡ."

ಈ ಹೊತ್ತಿನಲ್ಲೂ ಬೇಡವೇ ಎನಿಸಿ ನನಗೆ ಅಳು ಬಂತು. ಕೊನೆಯ ಸಲ ಆ ತೋಳನ್ನು ಹಿಡಿಯಬೇಕು ಎಂಬ ಆಸೆಯೊಂದೇ ಇದ್ದದ್ದು, ಬಿಪಿಯ ಅಂಕಿ ಯಾರಿಗೆ ಬೇಕಿತ್ತು. ಆದರೆ ನಾಲಿಗೆ ಕಲಿತ ಪಾಠವನ್ನು ತಾನೇ ಒಪ್ಪಿಸಿತು. "ಸರಿ ಮೇಡಂ, ಅದು ನಿಮ್ಮ ಹಕ್ಕು. ಸ್ವಲ್ಪ ಹೊತ್ತು ಬಿಟ್ಟು ಬಂದು ಮತ್ತೆ ಕೇಳ್ತೀನಿ."

ಹೇಳಿ ಮುಗಿಸಿದ ಮೇಲೆ ಏನು ಹೇಳಿದೆನೆಂದು ನನಗೇ ಕೇಳಿಸಿತು. ಅತ್ತೆ ಕಿಟಕಿಯಿಂದ ಕಣ್ಣು ತಿರುಗಿಸಿ ನನ್ನ ಮುಖವನ್ನು ನೇರವಾಗಿ ನೋಡಿದರು.

"ಹಾಗಾದ್ರೆ ಹೋಗಿ ಬರೋದಕ್ಕೆ" ಎಂದರು. "ಬರ್ಕೋ."

ದಿಂಬಿನ ಪಕ್ಕದಿಂದ ಬಿಪಿ ಪುಸ್ತಕ ತೆಗೆದುಕೊಂಡೆ. ತಾರೀಖು ಬರೆದೆ, ಗಂಟೆ ಬರೆದೆ. ಅಂಕಿ ಇರಬೇಕಾದಲ್ಲಿ ಬರೆದೆ: ಬೇಡ ಎಂದರು. ಬಂದು ಮತ್ತೆ ಕೇಳಬೇಕು. ಕೆಳಗೆ ಸಹಿ ಹಾಕಿದೆ. ಹೊರಗೆ ಟ್ಯಾಕ್ಸಿ ಬಂದು ನಿಂತ ಸದ್ದಾಯಿತು.